ಎರಡು ಗೇಣಿನೊಳಗೆ

ಬೆಳಗ್ಗೆ ಎಂಟೂ ನಲವತ್ತಕ್ಕೆ ಶಾಲಾ ವ್ಯಾನೊಂದರ ಬಾನೆಟ್ಟಿನಿಂದ ಹೊಗೆ ಬಂತು. ಹದಿನಾಲ್ಕು ಮಕ್ಕಳನ್ನು ಶಾಲೆಯ ಗೇಟಿನಲ್ಲಿ ಇಳಿಸಿ ಹನ್ನೆರಡು ನಿಮಿಷವಾಗಿತ್ತು. ಚಾಲಕ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬ್ಯಾಟರಿಯ ತಂತಿ ಕಿತ್ತ. ಅವನ ಎರಡು ಬೆರಳು ಸುಟ್ಟವು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಹತ್ತೂವರೆಗೆ ವ್ಯಾನನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದದ್ದು ಕಾರುಗಳಿಗೆ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವ ಅಂಗಡಿಗೆ. ಮೂರು ವರ್ಷದ ಹಿಂದೆ ಮಕ್ಕಳಿಗೆ ಹಾಡು ಕೇಳಿಸಲೆಂದು ಅದಕ್ಕೆ ಸೆಟ್ ಕೂರಿಸಿದ್ದು ಅದೇ ಅಂಗಡಿ. ಕೂರಿಸಿದವನು ಈಗ ಇರಲಿಲ್ಲ. ಗಿರಾಕಿಗಳು ಅವನನ್ನು ಸೌಂಡಣ್ಣ ಎನ್ನುತ್ತಿದ್ದರು. ಎಂಟು ತಿಂಗಳ ಹಿಂದೆ, ಏಪ್ರಿಲ್ ಹದಿನೇಳರ ಬೆಳಗ್ಗೆ, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಸೌಂಡ್ ಪರೀಕ್ಷಿಸುತ್ತಿದ್ದಾಗ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಈಗ ಅಂಗಡಿ ನಡೆಸುತ್ತಿದ್ದವನು ಅವನ ತಮ್ಮ. ಅಣ್ಣ ಇದ್ದಾಗ ಈ ತಮ್ಮ ಗಲ್ಲಾದ ಮುಂದೆ ಕುಳಿತು ಸಾಮಾನು ತರಿಸುವುದು, ಗಿರಾಕಿಗಳನ್ನು ಮಾತನಾಡಿಸುವುದು ಮಾಡುತ್ತಿದ್ದ. ಕೆಲಸ ಕಲಿತದ್ದು ಅಣ್ಣನ ಭುಜದ ಮೇಲಿಂದ ಇಣುಕಿ.

ಅವನು ಬಾನೆಟ್ಟಿನೊಳಗೂ ಹಾಗೆಯೇ ಇಣುಕಿ ನೋಡಿ, "ಇಲಿ ಕಡಿದಿದೆ," ಎಂದ.

"ಇಲಿನಾ?" ಎಂದ ಚಾಲಕ. ಬೆರಳಿಗೆ ಕಟ್ಟಿದ ಬ್ಯಾಂಡೇಜಿನ ಮೇಲೆ ಮುಲಾಮು ಒಸರಿತ್ತು.

"ಮತ್ತೇನು ಹುಲಿನಾ? ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀಯ?"

"ಹಿಟ್ಟಿನ ಗಿರಣಿ ಪಕ್ಕ."

"ಆಯ್ತಲ್ಲ. ನಿನ್ನ ಗಾಡೀಲಿ ಅವು ಸಂಸಾರ ಮಾಡ್ತಿರ್ತವೆ."

ಚಾಲಕ ನಕ್ಕ. ಪಕ್ಕದಲ್ಲಿ ನಿಂತಿದ್ದ ಹುಡುಗಿ ನಗಲಿಲ್ಲ. ಅವಳು ಸೌಂಡಣ್ಣನ ಮಗಳು, ಇಪ್ಪತ್ತನಾಲ್ಕು ವರ್ಷ. ತಂದೆ ಹೋದ ಮೇಲೆ ಬಟ್ಟೆ ಅಂಗಡಿಯ ಬಿಲ್ ಬರೆಯುವ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದಳು. ಮಧ್ಯಾಹ್ನ ಎರಡರಿಂದ ಐದರವರೆಗೆ ವಾಹನ ವೈರಿಂಗ್ ತರಬೇತಿಗೆ ಹೋಗುತ್ತಿದ್ದಳು. ಆರು ವಾರದ ತರಬೇತಿಯಲ್ಲಿ ಇದು ಮೂರನೆಯ ವಾರ. ವೋಲ್ಟೇಜ್ ಅಳೆಯುವ ಮೀಟರೊಂದನ್ನು ಕೊಂಡು ಕೊರಳಿಗೆ ನೇತುಹಾಕಿಕೊಂಡಿದ್ದರಿಂದ ಚಿಕ್ಕಪ್ಪ ಅವಳನ್ನು ‘ಮೀಟರ್’ ಎಂದೇ ಕರೆಯತೊಡಗಿದ್ದ.

"ಮೀಟರ್, ಹೊಸ ಕೆಂಪು ವೈರ್ ತೆಗಿ. ಆರು ಮೀಟರ್."

ಸಂಜೆ ಐದೂವರೆಗೆ ತರಬೇತಿ ಮುಗಿಸಿ ಅವಳು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಚಿಕ್ಕಪ್ಪ ಸ್ಪೀಕರ್ ಪರೀಕ್ಷಿಸುತ್ತಿದ್ದ. ವ್ಯಾನಿನೊಳಗಿಂದ ಸತ್ತವನ ದನಿ ಬಂತು: "ಎಡ ಮುಂದೆ. ಬಲ ಮುಂದೆ. ಎಡ ಹಿಂದೆ. ಬಲ ಹಿಂದೆ. ಈಗ ಎಲ್ಲಾ ಒಟ್ಟಿಗೆ." ಯಾವ ಸ್ಪೀಕರಿನ ತಂತಿ ಎಲ್ಲಿ ಸೇರಿದೆ ಎಂದು ತಿಳಿಯಲು ಸೌಂಡಣ್ಣ ತನ್ನ ದನಿಯನ್ನೇ ಮುದ್ರಿಸಿ ಇಟ್ಟುಕೊಂಡಿದ್ದ. ಅದನ್ನು ಬದಲಿಸುವ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತಿರಲಿಲ್ಲ. ಅವನ ತಾಯಿ ತಿಂಗಳಿಗೊಮ್ಮೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ಅದನ್ನು ಕೇಳಿ ಹೋಗುತ್ತಿದ್ದಳು. ಅವನ ಹೆಂಡತಿ ಎಂಟು ತಿಂಗಳಲ್ಲಿ ಒಮ್ಮೆಯೂ ಅತ್ತ ಬಂದಿರಲಿಲ್ಲ.

ಮಗಳು ಕಸದ ಡಬ್ಬಿಯಿಂದ ಸುಟ್ಟ ವೈರನ್ನು ಎತ್ತಿಕೊಂಡಳು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಇರುವ ತಗಡಿನ ತೂತಿನಲ್ಲಿ ಹಾದುಹೋಗುವ ಭಾಗ ಅದು. ಕೆಂಪು ಹೊದಿಕೆ ಒಂದೇ ಬದಿಗೆ, ನೇರವಾಗಿ, ಚಾಕುವಿನಿಂದ ಗೀರಿದಂತೆ ತೆರೆದುಕೊಂಡಿತ್ತು. ತೂತಿಗೆ ಹಾಕಿದ್ದ ರಬ್ಬರ್ ಬಳೆ ಒಣಗಿ ಎರಡು ತುಂಡಾಗಿತ್ತು.

"ಚಿಕ್ಕಪ್ಪ, ಹಲ್ಲಿನ ಗುರುತು ಇಲ್ಲ ಇದರಲ್ಲಿ."

"ಇಲಿ ಏನು ಸಹಿ ಮಾಡಿ ಹೋಗುತ್ತಾ?"

"ಫ್ಯೂಸ್ ಹೋಗಿತ್ತಾ?"

"ಇಲ್ಲ. ಗಟ್ಟಿಯಾಗಿತ್ತು. ಅಣ್ಣ ಹಾಕಿದ ಫ್ಯೂಸ್ ಹಾಗೆಲ್ಲ ಹೋಗಲ್ಲ."

"ಈಗ ಹೊಸದು ಎಲ್ಲಿ ಹಾಕಿದ್ರಿ?"

ಚಿಕ್ಕಪ್ಪ ಹೊರಗಿನ ಬೋರ್ಡಿನ ಕಡೆ ಕೈ ತೋರಿಸಿದ. ಅಂಗಡಿಯ ಹೆಸರಿನ ಕೆಳಗೆ ಹಳದಿ ಅಕ್ಷರದಲ್ಲಿ ‘ಕೈಗೆ ಸಿಗುವ ಫ್ಯೂಸ್’ ಎಂದಿತ್ತು. ಬೇರೆ ಅಂಗಡಿಯವರು ಫ್ಯೂಸನ್ನು ಎಂಜಿನ್ ಪಕ್ಕದಲ್ಲಿ, ಬ್ಯಾಟರಿಯ ಹತ್ತಿರ ಹಾಕುತ್ತಿದ್ದರು. ಸೌಂಡಣ್ಣ ನಾಲ್ಕು ವರ್ಷದಿಂದ ಅದನ್ನು ಮುಂದಿನ ಸೀಟಿನ ಕೆಳಗೆ ಹಾಕುತ್ತಿದ್ದ. ಬಾನೆಟ್ ಎತ್ತಬೇಕಿಲ್ಲ, ಮೆಕ್ಯಾನಿಕ್ ಬೇಕಿಲ್ಲ, ಬಗ್ಗಿ ಕೈ ಹಾಕಿದರೆ ಸಿಗುತ್ತದೆ. ಗಿರಾಕಿಗಳಿಗೆ ಇದು ಬಹಳ ಹಿಡಿಸಿತ್ತು.

ಗುರುವಾರ ತರಬೇತಿ ಕೇಂದ್ರದ ಅಂಗಳದಲ್ಲಿ ಮೇಡಂ ಒಂದು ಹಳೆಯ ಕಾರಿನ ಬಾನೆಟ್ ತೆಗೆಸಿದರು. ಇಪ್ಪತ್ತೆಂಟು ವರ್ಷ ಗ್ಯಾರೇಜಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಹೆಂಗಸು, ಮಾತು ಕಡಿಮೆ. ಬ್ಯಾಟರಿಯಿಂದ ಎರಡು ಮೀಟರ್ ವೈರ್ ಎಳೆದು, ತುದಿಯಲ್ಲಿ ಫ್ಯೂಸ್ ಹಾಕಿದರು. ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡರು. ವೈರಿನ ನಡುವೆ ಹೊದಿಕೆ ಸುಲಿದ ಜಾಗವನ್ನು ಉದ್ದನೆಯ ಕೋಲಿನಿಂದ ಕಾರಿನ ತಗಡಿಗೆ ಒತ್ತಿದರು. ನಾಲ್ಕು ಸೆಕೆಂಡಿಗೆ ವೈರ್ ಹೊಗೆಯಾಡಿತು, ಆರಕ್ಕೆ ಹೊದಿಕೆ ಕರಗಿ ತೊಟ್ಟಿಕ್ಕಿತು. ಕೋಲು ತೆಗೆದು ಮರಳು ಸುರಿದರು.

"ಫ್ಯೂಸ್ ನೋಡಿ, ಹೇಗಿದೆ?"

"ಚೆನ್ನಾಗಿದೆ ಮೇಡಂ."

"ಚೆನ್ನಾಗೇ ಇರುತ್ತೆ. ಅದಕ್ಕೆ ವಿಷಯವೇ ಗೊತ್ತಾಗಿಲ್ಲ. ಬ್ಯಾಟರಿಯಿಂದ ಫ್ಯೂಸಿನವರೆಗೆ ಇರೋ ವೈರನ್ನ ಕಾಯೋರು ಯಾರೂ ಇಲ್ಲ. ಫ್ಯೂಸ್ ಇರೋದು ಸೆಟ್ಟನ್ನ ಕಾಯೋದಕ್ಕಲ್ಲ, ವೈರನ್ನ ಕಾಯೋದಕ್ಕೆ. ಅದಕ್ಕೇ ಬ್ಯಾಟರಿಯಿಂದ ಎರಡು ಗೇಣಿನೊಳಗೆ ಹಾಕಬೇಕು. ಬರ್ಕೊಳ್ಳಿ."

"ಸೀಟಿನ ಕೆಳಗೆ ಹಾಕಿದ್ರೆ ಮೇಡಂ?"

"ರಬ್ಬರ್ ಬಳೆ ಗಟ್ಟಿ ಇರೋವರೆಗೂ ಏನೂ ಆಗಲ್ಲ. ಎಂಜಿನ್ ಬಿಸಿಗೆ ಅದು ಮೂರು ನಾಲ್ಕು ವರ್ಷಕ್ಕೆ ಬಿರಿಯುತ್ತೆ. ಆಮೇಲೆ ದಿನ ಎಣಿಸ್ಬೇಕು." ಅವರು ಕೈಯ ಮರಳು ಕೊಡವಿಕೊಂಡರು. "ಯಾಕೆ? ಎಲ್ಲಾದ್ರೂ ನೋಡಿದ್ಯಾ?"

ಅವಳು ಇಲ್ಲ ಎಂದಳು.

ಮನೆ ಇದ್ದದ್ದು ಸಿಗ್ನಲ್ ದೀಪದ ಪಕ್ಕದ ಮಹಡಿಯಲ್ಲಿ. ಕೆಂಪು ದೀಪಕ್ಕೆ ನಿಂತ ಕಾರುಗಳಲ್ಲಿ ಹಾಡು ಜೋರಾಗಿದ್ದರೆ ಅಡುಗೆಮನೆಯ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಕಿಟಕಿಯ ಪಕ್ಕ ಕುಳಿತ ಅಜ್ಜಿ ಆಗ ತಲೆ ಎತ್ತುತ್ತಿದ್ದಳು. "ಇದು ಅವನದ್ದು," ಎನ್ನುತ್ತಿದ್ದಳು. ಬೇರೆಯವರು ಕೂರಿಸಿದ್ದು ಕಿವಿಗೆ ಚುಚ್ಚುತ್ತದೆ, ಮಗ ಕೂರಿಸಿದ್ದು ಎದೆಗೆ ಬಂದು ತಟ್ಟುತ್ತದೆ ಎಂಬುದು ಅವಳ ಲೆಕ್ಕ. ಎಷ್ಟು ಸರಿಯೋ ಯಾರೂ ಪರೀಕ್ಷಿಸಿರಲಿಲ್ಲ.

ಅಂದು ಸಂಜೆ ಏಳಕ್ಕೆ ಅನ್ನಕ್ಕಿಟ್ಟು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಲೋಟಗಳು ಅಲುಗಿದವು.

"ಅವನದ್ದು," ಎಂದಳು ಅಜ್ಜಿ.

ಮಗಳು ಎದ್ದು ಕಿಟಕಿಗೆ ಓಡಿ ಕಾರಿನ ನಂಬರ್ ಬರೆದುಕೊಂಡಳು.

"ಏನು ಬರೀತಿದೀಯೇ?" ಎಂದಳು ಅಮ್ಮ.

"ಏನಿಲ್ಲ."

"ಏನಿಲ್ಲದ್ದಕ್ಕೆ ಯಾರಾದ್ರೂ ಹಾಗೆ ಓಡ್ತಾರಾ?"

ವಿಷಯವನ್ನು ಮೊದಲು ಚಿಕ್ಕಪ್ಪನಿಗೆ ಹೇಳಬೇಕೆಂದಿದ್ದಳು. ಮರುದಿನ ಬೆಳಗ್ಗೆ, ಅಂಗಡಿಯ ಬಾಗಿಲು ಅರ್ಧ ಎತ್ತಿದಾಗ, ಹೇಳಿದಳು. ಚಿಕ್ಕಪ್ಪ ಪೂರ್ತಿ ಕೇಳಿದ. ಆಮೇಲೆ ಬಾಗಿಲನ್ನು ಪೂರ್ತಿ ಎತ್ತಿದ.

"ಮೂರು ವಾರ ಕ್ಲಾಸಿಗೆ ಹೋಗಿ ಬಂದು ನಿಮ್ಮಪ್ಪನ ಕೆಲಸದಲ್ಲಿ ತಪ್ಪು ಹುಡುಕ್ತೀಯಾ?"

"ನಾನು ಹುಡುಕಿಲ್ಲ. ಅದಾಗೇ ಸುಟ್ಕೊಂಡು ಬಂತು."

"ಒಂದು ವ್ಯಾನ್. ಇಲಿ."

"ಆ ವ್ಯಾನಿನ ಯಜಮಾನ್ರದ್ದು ಇನ್ನೂ ಐದಿವೆ. ಎಲ್ಲಾ ಅಪ್ಪನೇ ಕೂರಿಸಿದ್ದು. ದಿನಾ ಬೆಳಗ್ಗೆ ಮಕ್ಕಳನ್ನ ತುಂಬ್ಕೊಂಡು ಹೋಗ್ತವೆ."

"ಗೊತ್ತು. ಇನ್ನೂ ಹನ್ನೆರಡು ಹೊಸ ವ್ಯಾನ್ ತರಿಸ್ತಿದಾನೆ, ಕೆಲಸ ನಮಗೇ ಅಂದಿದಾನೆ. ಈಗ ಹೋಗಿ ‘ಸ್ವಾಮಿ, ನಿಮ್ಮ ಗಾಡೀಲಿ ಬಾಂಬ್ ಇಟ್ಟಿದೀವಿ’ ಅನ್ನಲಾ? ಬೋರ್ಡು ನೋಡು. ಈ ಅಂಗಡಿ ನಿಂತಿರೋದೇ ಅದರ ಮೇಲೆ."

"ಇನ್ಮೇಲಾದ್ರೂ ಬ್ಯಾಟರಿ ಹತ್ರ ಹಾಕಿ."

"ಹಾಕಿದ್ರೆ ಮೊದಲು ಹಾಕಿದ್ದು ತಪ್ಪು ಅಂತ ಒಪ್ಕೊಂಡ ಹಾಗಾಗಲ್ವಾ?"

ಅಂದು ಮಧ್ಯಾಹ್ನ ಅವಳು ತರಬೇತಿಗೆ ಹೋಗದೆ, ಅಂಗಡಿಯ ಅಟ್ಟದಲ್ಲಿದ್ದ ಬಿಸ್ಕತ್ತಿನ ಡಬ್ಬಿ ಇಳಿಸಿ ವಾರಂಟಿ ಕಾರ್ಡುಗಳನ್ನು ಎಣಿಸಿದಳು. ಪ್ರತಿ ಕಾರ್ಡಿನಲ್ಲಿ ಗಾಡಿಯ ನಂಬರ್, ಮಾಲೀಕನ ಫೋನ್, ಕೂರಿಸಿದ ತಾರೀಖು. ಸೀಟಿನ ಕೆಳಗೆ ಫ್ಯೂಸ್ ಹಾಕಲು ತೊಡಗಿದ ದಿನದಿಂದ ತಂದೆ ಆಂಪ್ಲಿಫೈಯರ್ ಕೂರಿಸಿದ ಗಾಡಿಗಳು ಇನ್ನೂರ ಮೂವತ್ತೊಂದು. ಅವನು ಹೋದ ಮೇಲೆ ಚಿಕ್ಕಪ್ಪ ಕೂರಿಸಿದವು ಮೂವತ್ತೊಂದು.

ಆ ಎರಡು ದಿನ ಮನೆಯಲ್ಲಿ ಲೋಟ ಅಲುಗಿದಾಗಲೆಲ್ಲ ಅವಳು ಕಿಟಕಿಗೆ ಹೋಗುತ್ತಿದ್ದಳು. ಸಿಗ್ನಲ್ಲಿನಲ್ಲಿ ಒಂದು ನೀಲಿ ಕಾರು, ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದ ಮಗು, ಮುಂದೆ ಹಾಡಿಗೆ ತಾಳ ಹಾಕುವ ಗಂಡಸು. ದೀಪ ಹಸಿರಾಗುತ್ತಿತ್ತು, ಕಾರು ಹೋಗುತ್ತಿತ್ತು. ಅಜ್ಜಿ ಮಾತ್ರ ಸಂತೋಷವಾಗಿದ್ದಳು. "ಈ ವಾರ ಒಂಬತ್ತು ಸಲ ಬಂದ," ಎಂದು ಸೊಸೆಗೆ ಹೇಳಿದಳು. ಬಂದ ಎಂದೇ ಹೇಳಿದಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ, ಕೆಳಗಿನ ಶೆಡ್ಡಿನಲ್ಲಿ, ಅಮ್ಮ ಮನೆಯ ಕಾರಿನ ಹೊದಿಕೆ ತೆಗೆದಳು. ಗಂಡ ಹೋದ ಮೇಲೆ ಆ ಕಾರು ರಸ್ತೆಗೆ ಇಳಿದಿರಲಿಲ್ಲ. ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ, ಸ್ಟಿಯರಿಂಗ್ ಹಿಡಿದು ಸುಮ್ಮನೆ ಕುಳಿತು, ನಂತರ ಆರಿಸಿ ಮೇಲೆ ಬರುತ್ತಿದ್ದಳು.

"ಅಮ್ಮ, ಚಾಲೂ ಮಾಡಬೇಡ. ಬಾನೆಟ್ ಎತ್ತು," ಎಂದು ಮಗಳು ಮೆಟ್ಟಿಲಿನಿಂದಲೇ ಕೂಗಿದಳು.

ಅಪಾಯವಿದ್ದರೆ ಮೊದಲು ತಮ್ಮ ಕಾರಿನದನ್ನೇ ಸರಿ ಮಾಡೋಣ ಎಂಬುದಷ್ಟೇ ಅವಳ ಉದ್ದೇಶ. ಟಾರ್ಚ್ ಬಿಟ್ಟು ಕೆಂಪು ವೈರನ್ನು ಹುಡುಕಿದಳು. ಬ್ಯಾಟರಿಯಿಂದ ಒಂದೂವರೆ ಗೇಣು ದೂರದಲ್ಲಿ, ಪಾರದರ್ಶಕ ಪ್ಲಾಸ್ಟಿಕ್ ಗೂಡಿನಲ್ಲಿ, ಒಂದು ಫ್ಯೂಸ್ ಇತ್ತು. ತಗಡಿನ ತೂತಿನಲ್ಲಿ ಹೊಸ ರಬ್ಬರ್ ಬಳೆ. ಸೀಟಿನ ಕೆಳಗಿನ ಹಳೆಯ ಫ್ಯೂಸೂ ಹಾಗೆಯೇ ಇತ್ತು. ಬ್ಯಾಟರಿ ಮುಟ್ಟಿದಾಗಲೆಲ್ಲ ಬಿಳಿ ಟೇಪಿನ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಖು ಬರೆದು ಅಂಟಿಸುವುದು ತಂದೆಯ ರೂಢಿ. ಟೇಪಿನ ಮೇಲೆ ಅವನ ಕೈಬರಹದಲ್ಲಿ ಮಾರ್ಚ್ ಹದಿಮೂರು ಎಂದಿತ್ತು.

ಸಾಯುವುದಕ್ಕೆ ಸರಿಯಾಗಿ ಐದು ವಾರ ಮೊದಲು.

"ಏನು ಸಿಕ್ತು?" ಎಂದಳು ಅಮ್ಮ.

ಮಗಳು ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದಳು: ವ್ಯಾನು, ಮೇಡಂ, ಮರಳಿನ ಬಕೆಟ್, ಕಾರ್ಡುಗಳು, ಈಗ ಈ ಟೇಪು. ಅಮ್ಮ ಕೇಳಿ ಮುಗಿಸಿ, ಕಾರಿನ ಒಳಗೆ ಬಗ್ಗಿ, ಮುಂದಿನ ಖಾನೆ ತೆರೆದು, ಕಾಗದಗಳ ಅಡಿಯಿಂದ ಪತ್ರಿಕೆಯ ಒಂದು ತುಣುಕು ತೆಗೆದುಕೊಟ್ಟಳು.

"ವಿಮೆ ಕಾಗದ ಹುಡುಕುವಾಗ ಸಿಕ್ಕಿತ್ತು. ಇದನ್ನ ಯಾಕೆ ಇಟ್ಕೊಂಡಿದಾರೆ ಅಂತ ಗೊತ್ತಾಗಿರ್ಲಿಲ್ಲ."

ನಾಲ್ಕು ಸಾಲಿನ ಸುದ್ದಿ. ತರಕಾರಿ ಮಾರುಕಟ್ಟೆಯ ಬಳಿ ನಿಲ್ಲಿಸಿದ್ದ ಟ್ಯಾಕ್ಸಿಗೆ ಭಾನುವಾರ ಬೆಳಗ್ಗೆ ಬೆಂಕಿ ತಗುಲಿ ಪೂರ್ಣ ಸುಟ್ಟಿದೆ. ಚಾಲಕ ಚಹಾ ಕುಡಿಯಲು ಇಳಿದಿದ್ದರಿಂದ ಪಾರಾಗಿದ್ದಾನೆ. ಕಾರಣ ತಿಳಿದುಬಂದಿಲ್ಲ. ಸುದ್ದಿಯಲ್ಲಿ ಗಾಡಿಯ ನಂಬರೂ ಇತ್ತು. ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದಿತ್ತು. ಮಗಳು ಆ ನಂಬರನ್ನು ಎರಡು ದಿನದ ಹಿಂದೆಯೇ ಓದಿದ್ದಳು. ಅದು ಎಂಬತ್ತೆಂಟನೆಯ ಕಾರ್ಡು. ಪತ್ರಿಕೆಯ ತಾರೀಖು ಮಾರ್ಚ್ ಹನ್ನೊಂದು.

ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕುಳಿತರು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಚಿಕ್ಕಪ್ಪ ಮದುವೆಯಾಗಿರಲಿಲ್ಲ, ಅವನ ಊಟ, ವಾಸ ಎಲ್ಲ ಇಲ್ಲೇ. ಅಮ್ಮ ಬಡಿಸಿ ಮುಗಿಸಿದ ಮೇಲೆ ತುಣುಕನ್ನು ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು.

ಚಿಕ್ಕಪ್ಪ ಓದಿ, ತಟ್ಟೆಯ ಅಂಚಿನಲ್ಲಿ ಬೆರಳು ಒರೆಸಿದ.

"ಕಾರಣ ತಿಳಿದುಬಂದಿಲ್ಲ ಅಂತಿದೆ."

"ನಮ್ಮ ಕಾರಿಗೆ ಎರಡೇ ದಿನಕ್ಕೆ ಹೊಸ ಫ್ಯೂಸ್ ಯಾಕೆ ಬಂತು ಚಿಕ್ಕಪ್ಪ?" ಎಂದಳು ಮಗಳು. "ಆಮೇಲೆ ಅಪ್ಪ ಹತ್ತೊಂಬತ್ತು ಗಾಡಿ ಮಾಡಿದಾರೆ. ಅದರಲ್ಲಿ ಎರಡನ್ನ ಈಗ ಊಟಕ್ಕೆ ಮುಂಚೆ ಏನೋ ನೆಪ ಹೇಳಿ ಕರೆಸಿ ನೋಡ್ದೆ. ಎರಡರಲ್ಲೂ ಬ್ಯಾಟರಿ ಹತ್ರ ಫ್ಯೂಸ್ ಇದೆ."

"ನೀವು ನೋಡಿರ್ಲಿಲ್ವಾ?" ಎಂದು ಅಮ್ಮ ಮೈದುನನನ್ನು ಕೇಳಿದಳು.

ಅವನು ಮೊಟ್ಟೆಯನ್ನು ಎರಡು ಮಾಡಿದ. "ನೋಡಿದ್ದೆ ಅತ್ತಿಗೆ. ಎರಡೆರಡು ಯಾಕೆ ಅಂತ ಕೇಳ್ದೆ. ಇರ್ಲಿ ಬಿಡು ಅಂದ. ಖರ್ಚು ಸುಮ್ನೆ ಅಂತ, ಅವನು ಹೋದ ಮೇಲೆ ನಾನು ಒಂದೇ ಹಾಕ್ದೆ."

ಅಜ್ಜಿ ತಟ್ಟೆ ಸರಿಸಿದಳು. "ಏನು ಎಲ್ಲರೂ ಸೇರಿ ವಿಚಾರಣೆ ಮಾಡ್ತಿದೀರಾ? ಅವನು ಹೋಗಿ ಇನ್ನೂ ವರ್ಷ ತುಂಬಿಲ್ಲ, ಅವನ ಕೆಲಸಾನ ಬಿಚ್ಚಿ ಊರಿಗೆಲ್ಲ ತೋರಿಸ್ಬೇಕಾ?"

"ಅಜ್ಜಿ, ಗಾಡಿ ಸುಡುತ್ತೆ."

"ಅವನಿಗೇನು ಕನಸು ಬಿದ್ದಿತ್ತಾ ಸೀಟಿನ ಕೆಳಗೆ ಹಾಕು ಅಂತ? ಹೇಳಿದ್ಯಾರು?" ಅಜ್ಜಿ ಸೊಸೆಯ ಕಡೆ ತಿರುಗಿದಳು. "ನೀನು ಹೇಳಿದ್ದು. ದಾರೀಲಿ ಹಾಡು ನಿಂತೋಯ್ತು, ಬಾನೆಟ್ ಎತ್ತೋಕೆ ಬರಲಿಲ್ಲ ಅಂತ ಅವತ್ತು ಮುಖ ಊದಿಸ್ಕೊಂಡು ಬಂದೆ. ‘ಹೆಂಗಸರ ಕೈಗೆ ಸಿಗೋ ಕಡೆ ಇಡೋಕೆ ನಿಮಗೇನು ಕಷ್ಟ’ ಅಂದೆ. ಇದೇ ಮೇಜಿನ ಮುಂದೆ. ನಿನ್ನ ಮಾತು ಕೇಳಿ ಹಾಕ್ದ."

ಮಗಳಿಗೆ ಇದು ಗೊತ್ತಿರಲಿಲ್ಲ. ಅವಳು ತಾಯಿಯ ಮುಖ ನೋಡಿದಳು.

"ಹೌದು ಅತ್ತೆ, ಅಂದಿದ್ದೆ," ಎಂದಳು ಅಮ್ಮ. "ಮರುದಿನವೇ ನನ್ನ ಕಾರಿಗೆ ಹಾಕಿ ಕೊಟ್ರು. ಒಂದು ವಾರಕ್ಕೆ ಬೋರ್ಡಲ್ಲಿ ಬರೆಸಿದ್ರು. ನನಗೂ ಜಂಬ ಬಂದಿತ್ತು."

"ಮತ್ತೆ?"

"ಮತ್ತೆ ಏನೂ ಇಲ್ಲ. ಆ ಐದು ವಾರ ನಿಮಗೆ ನೆನಪಿದೆಯಾ ಅತ್ತೆ?"

ಅಜ್ಜಿ ನೀರಿನ ಲೋಟ ಹತ್ತಿರ ಎಳೆದುಕೊಂಡಳು.

"ಕೆಳಗಡೆ ಫೈರ್ ಇಂಜಿನ್ ಸೈರನ್ ಕೇಳಿದ್ರೆ ತುತ್ತು ಕೈಯಲ್ಲೇ ಹಿಡ್ಕೊಂಡು ಕೂತಿರ್ತಿದ್ರು. ಅದು ಯಾವ ಕಡೆ ಹೋಯ್ತು ಅಂತ ಕಿಟಕಿಗೆ ಹೋಗಿ ನೋಡ್ತಿದ್ರು. ನೀವೇ ಬೈದ್ರಿ, ಊಟದ ಮಧ್ಯೆ ಏಳ್ಬೇಡ ಅಂತ. ಬೆಳಗ್ಗೆ ಪೇಪರ್ ಬಂದ್ರೆ ಮೊದಲು ಒಳಗಿನ ಪುಟ ತೆಗೀತಿದ್ರು. ಏನಾಗಿದೆ ಅಂತ ಮೂರು ಸಲ ಕೇಳ್ದೆ. ಗ್ಯಾಸ್ಟ್ರಿಕ್ ಅಂದ್ರು. ನಾನು ಜೀರಿಗೆ ಕುದಿಸಿ ಕೊಟ್ಟೆ."

ಕಪಾಟಿನ ಲೋಟಗಳು ಅಲುಗಿದವು. ಯಾರೂ ಇದು ಯಾರದ್ದು ಎಂದು ಹೇಳಲಿಲ್ಲ. ಸಿಗ್ನಲ್ ಕೆಂಪಾಗಿದ್ದ ಅರವತ್ತು ಸೆಕೆಂಡೂ ನಾಲ್ವರು ತಟ್ಟೆಗಳ ಮುಂದೆ ಕುಳಿತು, ಕಾರು ಹೋಗುವುದನ್ನು ಕಾದರು.

ಅದು ಹೋದ ಮೇಲೆ ಚಿಕ್ಕಪ್ಪ ಹೇಳಿದ: "ಅಣ್ಣನೇ ಹೇಳಲಿಲ್ಲ. ಅವನಿಗೆ ಗೊತ್ತಿದ್ದೂ ಹೇಳಲಿಲ್ಲ. ನಾನ್ಯಾಕೆ ಹೇಳ್ಲಿ?"

"ಹೇಳದೆ ಅವರ ಗತಿ ಏನಾಯ್ತು ಅಂತ ನೋಡಿದ್ರಲ್ಲ," ಎಂದಳು ಅಮ್ಮ.

ಚಿಕ್ಕಪ್ಪ ಕೈ ತೊಳೆದು ಕೆಳಗೆ ಹೋದ. ಅಜ್ಜಿ ಉಳಿದ ಅನ್ನವನ್ನು ಪಾತ್ರೆಗೆ ಹಾಕಿ ಮುಚ್ಚಿದಳು. ಆ ದಿನ ಸಂಜೆ ಅವಳು ಕಿಟಕಿಯ ಪಕ್ಕ ಕೂರಲಿಲ್ಲ. ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಗೆದ ಬಟ್ಟೆ ಮಡಿಸಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದುದನ್ನು ಮೊಮ್ಮಗಳು ನೋಡಿದಳು.

ಸೋಮವಾರ ಬೆಳಗ್ಗೆ ಆರೂಮುಕ್ಕಾಲಿಗೆ ಅಜ್ಜಿ ಸ್ವೆಟರ್ ಹಾಕಿಕೊಂಡು ಬಂದು ಮೊಮ್ಮಗಳ ಹಾಸಿಗೆಯ ಪಕ್ಕ ನಿಂತಳು.

"ವ್ಯಾನುಗಳು ಎಷ್ಟು ಹೊತ್ತಿಗೆ ಹೊರಡ್ತವೆ?"

"ಏಳೂಕಾಲಿಗೆ. ಯಾಕಜ್ಜಿ?"

"ಆ ಯಜಮಾನನಿಗೆ ಫೋನ್ ಹಚ್ಚು."

"ನಾನೇ ಮಾತಾಡ್ತೀನಿ."

"ನೀನು ಹುಡುಗಿ, ನಿನ್ನ ಮಾತು ಅರ್ಧ ಕೇಳಿ ಇಡ್ತಾನೆ. ಹಚ್ಚು ಅಂದ್ನಲ್ಲ."

ಚಿಕ್ಕಪ್ಪ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಚ್ಚಲ ಬಾಗಿಲಲ್ಲಿ ನಿಂತ. ಫೋನಿನ ಸದ್ದು ಜೋರು ಮಾಡಿದ್ದರಿಂದ ಆ ಕಡೆಯ ಮಾತು ಎಲ್ಲರಿಗೂ ಕೇಳುತ್ತಿತ್ತು.

"ನಾನು ಸೌಂಡಣ್ಣನ ತಾಯಿ ಮಾತಾಡ್ತಿರೋದು."

"ಹೇಳಿ ಅಮ್ಮ. ಏನು ಇಷ್ಟು ಬೆಳಗ್ಗೆ?"

"ನಿಮ್ಮ ಆರು ವ್ಯಾನನ್ನೂ ಇವತ್ತು ರಸ್ತೆಗೆ ಇಳಿಸಬೇಡಿ. ಬ್ಯಾಟರಿ ತಂತಿ ಬಿಚ್ಚಿಡಿ. ನಮ್ಮವರು ಬಂದು ಸರಿ ಮಾಡ್ತಾರೆ."

"ಯಾಕಮ್ಮ? ಅವತ್ತಿನದ್ದು ಇಲಿ ಅಂದ್ರಲ್ಲ?"

"ಇಲಿ ಅಲ್ಲ," ಎಂದಳು ಅಜ್ಜಿ. "ನನ್ನ ಮಗ."

ಯಜಮಾನ ಜೋರಾಗಿ ಮಾತನಾಡಿದ. ತೊಂಬತ್ತು ಮಕ್ಕಳು, ಏಳೂಕಾಲು, ಈಗ ನಾನೇನು ಮಾಡಲಿ, ಯಾವತ್ತಿಂದ ಗೊತ್ತಿತ್ತು ನಿಮಗೆ. ಅಜ್ಜಿ ಎಲ್ಲ ಕೇಳಿದಳು. ಮಧ್ಯೆ ಎರಡು ಸಲ "ಹೌದು" ಎಂದಳು. ಫೋನ್ ಇಟ್ಟ ಮೇಲೆ ಅಲ್ಲೇ ಹಾಸಿಗೆಯ ತುದಿಯಲ್ಲಿ ಕುಳಿತು, ಸ್ವೆಟರಿನ ಗುಂಡಿ ಬಿಚ್ಚಿದಳು.

ಚಿಕ್ಕಪ್ಪ ಬಾಯಿ ತೊಳೆದು ಬಂದ. "ಹನ್ನೆರಡು ಹೊಸ ವ್ಯಾನ್ ಹೋಯ್ತು," ಎಂದ.

"ಹೋಗ್ಲಿ. ನಿನ್ನ ಡಬ್ಬಿ ತಗೋ, ಹೊರಡು. ತಿಂಡಿ ಅಲ್ಲಿಗೇ ಕಳಿಸ್ತೀನಿ."

"ಮೀಟರ್," ಎಂದ ಅವನು, ಚಪ್ಪಲಿ ಹಾಕಿಕೊಳ್ಳುತ್ತಾ. "ಎಷ್ಟು ಗೇಣು ಅಂದೆ?"

"ಎರಡರೊಳಗೆ."

"ನಡಿ. ಮೊದಲನೇದು ನೀನು ಮಾಡು. ನಾನು ನೋಡ್ತೀನಿ."

ವ್ಯಾನ್ ನಿಲ್ದಾಣದಲ್ಲಿ ಯಜಮಾನ ಅವರೊಂದಿಗೆ ಮಾತನಾಡಲಿಲ್ಲ. ಮಕ್ಕಳನ್ನು ಕರೆತರಲು ಬಾಡಿಗೆ ಗಾಡಿಗಳನ್ನು ಹೊಂದಿಸುತ್ತಿದ್ದ. ಮಗಳು ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದಳು, ಆಮೇಲೆ ಕೆಂಪು ವೈರ್. ಕೈಯಿಂದ ಗೇಣು ಹಾಕಿ ಅಳೆದು, ಒಂದೂವರೆಯಲ್ಲಿ ಕತ್ತರಿಸಿ, ಫ್ಯೂಸಿನ ಗೂಡು ಸೇರಿಸಿದಳು. ತಗಡಿನ ತೂತಿನ ರಬ್ಬರ್ ಬಳೆಯನ್ನು ಬೆರಳಿನಿಂದ ಒತ್ತಿದಾಗ ಅದು ಬಿಸ್ಕತ್ತಿನಂತೆ ಮುರಿಯಿತು. ಮೂರನೆಯ ವ್ಯಾನಿನಲ್ಲಿ ವೈರಿನ ಹೊದಿಕೆ ಆಗಲೇ ಸವೆದು, ಒಳಗಿನ ತಾಮ್ರ ಕಾಣುತ್ತಿತ್ತು. ಚಿಕ್ಕಪ್ಪ ಅದನ್ನು ಕತ್ತರಿಸಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಯಜಮಾನನಿಗೆ ತೋರಿಸಲು ಹೋದ. ತಾನಾಗಿ ಹೋದ.

ಮುಂದಿನ ಒಂಬತ್ತು ವಾರ ಅಂಗಡಿಯಲ್ಲಿ ಹೊಸ ಕೆಲಸ ತೆಗೆದುಕೊಳ್ಳಲಿಲ್ಲ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಅಜ್ಜಿ ಫೋನ್ ಮಾಡುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕುಳಿತು ಕಾರ್ಡುಗಳ ಮೇಲೆ ಗುರುತು ಹಾಕುತ್ತಿದ್ದಳು. ಸರಿಯಾಗಿದ್ದ ಹತ್ತೊಂಬತ್ತು, ಸುಟ್ಟ ಟ್ಯಾಕ್ಸಿ ಒಂದು ಬಿಟ್ಟರೆ ಒಟ್ಟು ಇನ್ನೂರ ನಲವತ್ತೆರಡು ಗಾಡಿ. ಕೆಲವರು ಬೈದರು. ಒಬ್ಬ ಅಂಗಡಿಗೆ ಬಂದು ಚಿಕ್ಕಪ್ಪನ ಕಾಲರ್ ಹಿಡಿದ. ಒಬ್ಬ ಮುದುಕ ಸಿಹಿ ತಂದುಕೊಟ್ಟ. ನೂರ ತೊಂಬತ್ತೊಂಬತ್ತು ಗಾಡಿಗಳು ಬಂದು ಸರಿಯಾದವು. ಹದಿನೈದು ಗುಜರಿಗೆ ಹೋಗಿದ್ದವು. ಹದಿನೇಳು ಮಂದಿ ಪುರುಸೊತ್ತಾದಾಗ ಬರುತ್ತೇವೆ ಎಂದರು. ಹನ್ನೊಂದು ಎಲ್ಲಿವೆಯೋ ತಿಳಿಯಲಿಲ್ಲ. ಅಜ್ಜಿ ಮತ್ತೆ ಕಿಟಕಿಯ ಪಕ್ಕ ಕೂರತೊಡಗಿದಳು. ಲೋಟ ಅಲುಗಿದರೆ ಈಗ ಅವಳೇ ಕನ್ನಡಕ ಹಾಕಿಕೊಂಡು ನಂಬರ್ ನೋಡುತ್ತಿದ್ದಳು.

ಎಂಬತ್ತೆಂಟನೆಯ ಕಾರ್ಡಿನವನಿಗೆ ಫೋನ್ ಮಾಡುವುದು ಬೇಡ, ತಾನೇ ಹೋಗುತ್ತೇನೆ ಎಂದಳು ಅಮ್ಮ. ಫೆಬ್ರವರಿಯ ಒಂದು ಶನಿವಾರ, ಬೆಳಗ್ಗೆ ಹನ್ನೊಂದಕ್ಕೆ, ಮಗಳ ಜೊತೆ ಹೋದಳು. ಟ್ಯಾಕ್ಸಿ ಸುಟ್ಟ ಮೇಲೆ ಅವನು ಒಂದು ಗೋದಾಮಿನಲ್ಲಿ ಗೇಟು ಕಾಯುತ್ತಿದ್ದ. ಒಂದೇ ಕೋಣೆಯ ಮನೆ. ಅವನ ಹೆಂಡತಿ ಕುರ್ಚಿಗಳ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿದಳು. ಅಮ್ಮ ಕೂರದೆಯೇ ವಿಷಯ ಹೇಳಿದಳು.

"ಕೇಳಿಸ್ತೇನ್ರಿ?" ಎಂದಳು ಆ ಹೆಂಡತಿ ಗಂಡನಿಗೆ. ಆಮೇಲೆ ಅಮ್ಮನ ಕಡೆ ತಿರುಗಿ, "ಒಂದು ವರ್ಷದಿಂದ ಸಿಗರೇಟು ಸರಿಯಾಗಿ ಆರಿಸಿರ್ಲಿಲ್ಲ, ನಾನೇ ಸುಟ್ಟೆ ಅಂತ ಕೂತಿದಾರೆ. ವಿಮೆಯವರಿಗೂ ಹಾಗೇ ಬರೆದುಕೊಟ್ರು. ಅವರು ಕೈ ಎತ್ತಿದ್ರು," ಎಂದಳು.

ಅವನು ನೆಲ ನೋಡುತ್ತಿದ್ದ. "ಸೌಂಡಣ್ಣನಿಗೆ ಯಾವತ್ತು ಗೊತ್ತಾಯ್ತು?"

"ಮಾರ್ಚ್ ಹನ್ನೊಂದಕ್ಕೆ. ಪೇಪರ್ ನೋಡಿ."

"ನಾನು ಹದಿನೈದಕ್ಕೆ ಅಂಗಡಿಗೆ ಹೋಗಿದ್ದೆ," ಎಂದ ಅವನು. "ಗಾಡಿ ಹೋಯ್ತಣ್ಣ, ನನ್ನ ಕೈಯಾರೆ ಸುಟ್ಕೊಂಡೆ ಅಂತ ಅತ್ಬಿಟ್ಟೆ. ಬೆನ್ನು ಸವರಿದ್ರು. ಚಹಾ ತರಿಸಿ ಕೊಟ್ರು. ಬನ್ನು ತಿನ್ನು ಅಂದ್ರು. ತಿಂದೆ."

ಅಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಏನಾದ್ರೂ ಹೇಳಿದ್ರಾ?" ಎಂದು ಕೇಳಿದಳು.

"ಯಾರ ಮೇಲಾದ್ರೂ ಅನುಮಾನ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ." ಅವನು ಎದ್ದು ಬಾಗಿಲು ಪೂರ್ತಿ ತೆರೆದ. "ನೀವು ಈಗ ಹೋಗಿ ಅಕ್ಕ. ಬಂದು ಹೇಳಿದ್ರಲ್ಲ, ಆಯ್ತು. ಈಗ ಹೋಗಿ."

ಸೋಮವಾರ ಅವನು ವಿಮಾ ಕಚೇರಿಗೆ ಹೋಗಿ ಹಳೆಯ ಕಡತ ತೆರೆಯಬೇಕೆಂದು ಅರ್ಜಿ ಕೊಟ್ಟ. ತಪ್ಪು ತನ್ನ ಗಂಡನ ವೈರಿಂಗಿನದು ಎಂದು ಅಮ್ಮ ಎರಡು ಪುಟ ಬರೆದು ಸಹಿ ಮಾಡಿ, ಪತ್ರಿಕೆಯ ತುಣುಕಿನ ಜೊತೆ, ಅದೇ ಕಚೇರಿಯ ಕಿಟಕಿಯಲ್ಲಿ ಹನ್ನೆರಡೂಕಾಲಿಗೆ ಕೊಟ್ಟು ಬಂದಳು.